ಒಡೆಯನಿಲ್ಲದ ಪೆಟ್ಟಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಸ್ ನಿಲ್ದಾಣಗಳಲ್ಲಿ ಪಕ್ಕದಲ್ಲಿ ಕುಳಿತವರಿಗೆ ಚೀಲ ಒಪ್ಪಿಸಿ ಚಹಾ ಕುಡಿದು ಬರುವುದು ನಮ್ಮ ಕಡೆಯ ರೂಢಿ. ನೆರೆಮನೆಯವರು ಪರದೇಶದ ಮಗನಿಗೆಂದು ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಗಂಟನ್ನು ಬಿಚ್ಚಿ ನೋಡುವುದಂತೂ ಅಪಚಾರವೇ ಸರಿ. ಹೀಗೆ ಬೆಳೆದ ನನ್ನನ್ನು ವಿಮಾನ ನಿಲ್ದಾಣದಲ್ಲಿ “ಈ ಪೆಟ್ಟಿಗೆ ತುಂಬಿದವರು ನೀವೇ ಏನು?” ಎಂದು ಕೇಳಿದಾಗ ಸಿಟ್ಟು ಬಂದಿತ್ತು. ಆ ಪ್ರಶ್ನೆಯ ಹಿಂದಿನ ಇತಿಹಾಸ ತಿಳಿದ ಮೇಲೆ ನಾಚಿಕೆಯಾಯಿತು.

1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡಿನ ಬಳಿ ಸಾಗರದ ಮೇಲೆ ಸಿಡಿದು 329 ಜನ ಮಡಿದರು. ಕೆನಡಾದ ವ್ಯಾಂಕೂವರಿನಲ್ಲಿ ಬಾಂಬಿನ ಪೆಟ್ಟಿಗೆ ಒಪ್ಪಿಸಿದವನು ತಾನು ಮಾತ್ರ ವಿಮಾನ ಹತ್ತಲಿಲ್ಲ. ಟೊರಾಂಟೊದಲ್ಲಿ ಸಾಮಾನು ಶೋಧಿಸುತ್ತಿದ್ದ ಎಕ್ಸ್‌-ರೇ ಯಂತ್ರ ನಡುವೆಯೇ ಕೆಟ್ಟಿತು. ಪ್ರಯಾಣಿಕ ಬಾರದಿದ್ದರೆ ಅವನ ಸಾಮಾನನ್ನೂ ಇಳಿಸಬೇಕೆಂಬ ಕಟ್ಟುಪಾಡು ಬಿಗಿಯಾದದ್ದು ಆ ಬಳಿಕ. 1987ರಲ್ಲಿ ನಮ್ಮ ದೇಶದಲ್ಲಿ ವಿಮಾನಯಾನದ ಭದ್ರತೆಗೆಂದೇ ಸ್ವತಂತ್ರ ಇಲಾಖೆಯಾಯಿತು. 1999ರ ಕಂದಹಾರ್ ಅಪಹರಣದ ಮರುವರ್ಷದಿಂದ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ನಿಲ್ದಾಣಗಳ ಕಾವಲಿಗೆ ನಿಂತಿತು.

ಇದೆಲ್ಲ ದೂರದ ಮಾತಲ್ಲ. 2020ರ ಜನವರಿ 20ರಂದು ನಮ್ಮ ಮಂಗಳೂರಿನ ನಿಲ್ದಾಣದಲ್ಲೇ ವಾರಸುದಾರರಿಲ್ಲದ ಚೀಲವೊಂದು ಈ ಪಡೆಯವರ ಕಣ್ಣಿಗೆ ಬಿತ್ತು. ಒಳಗಿದ್ದದ್ದು ಬಾಂಬು! ಬಯಲಿಗೊಯ್ದು ಸಿಡಿಸಿದರು, ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಈಗ ನಾನು ನೆರೆಯವರ ಗಂಟನ್ನು ಅವರೆದುರಿಗೇ ಬಿಚ್ಚಿ ನೋಡಿ ಕಟ್ಟುತ್ತೇನೆ. “ಎಂಥ ಮಾರಾಯ, ನಂಬಿಕೆ ಇಲ್ವಾ?” ಎಂದು ಕೇಳುತ್ತಾರೆ. ನಂಬಿಕೆ ಇದೆ. ಆದರೆ ನನ್ನನ್ನು ನಂಬಿ ಅದೇ ವಿಮಾನದಲ್ಲಿ ಕೂರುವವರೂ ಇದ್ದಾರಲ್ಲವೇ?