ವಿದ್ಯಾರ್ಥಿಗಳ ನಡವಳಿಕೆಯ ದಾಖಲೆ: ಒಂದು ಐತಿಹಾಸಿಕ ಅವಲೋಕನ

ಪರೀಕ್ಷೆಯ ಅಂಕಗಳನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಅಂಕಪಟ್ಟಿಯಿಲ್ಲದ ಶಾಲೆಯನ್ನು ನಾವು ಕಾಣೆವು. ಆದರೆ ವರ್ಷದಲ್ಲಿ ಇನ್ನೂರಕ್ಕೂ ಮಿಕ್ಕ ದಿನಗಳ ಕಾಲ ನಮ್ಮ ಕಣ್ಣೆದುರಿಗೆ ಕುಳಿತು, ಆಡಿ, ಜಗಳವಾಡಿ, ಪ್ರಶ್ನೆ ಕೇಳಿ, ಒಮ್ಮೊಮ್ಮೆ ಸುಮ್ಮನಿದ್ದು ಮಗು ಏನನ್ನು ತೋರಿಸಿಕೊಟ್ಟಿತೆಂಬುದನ್ನು ಬರೆದಿಡುವ ರೂಢಿ ಅಷ್ಟಾಗಿ ಬೆಳೆದಿಲ್ಲ. ಅದೆಲ್ಲವನ್ನೂ ನಾವು ಜ್ಞಾಪಕಕ್ಕೆ ಬಿಟ್ಟು, ವರ್ಷದ ಕೊನೆಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ: 'ಚುರುಕು', 'ಮಂದ', 'ಶಾಂತ', 'ತುಂಟ'. ಆ ಒಂದು ಮಾತು ಮಗುವಿನ ಬೆನ್ನು ಹತ್ತಿ ಮುಂದಿನ ತರಗತಿಗೂ ಹೋಗುತ್ತದೆ. ಆದುದರಿಂದ ಅದನ್ನು ಆಡುವ ಮುನ್ನ ನಮ್ಮ ಬಳಿ ಆಧಾರವೇನಿದೆಯೆಂದು ಕೇಳಿಕೊಳ್ಳುವುದು ಅವಶ್ಯಕ. ಗಡಿನಾಡಿನ ಅಧ್ಯಾಪಕರಿಗಂತೂ ಇದು ಇನ್ನೂ ಹೆಚ್ಚು ಅವಶ್ಯಕವೆಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇವೆ.

ಈ ವಿಷಯಕ್ಕೆ ಹಳೆಯ ಸಾಕ್ಷ್ಯವೊಂದು ನಮ್ಮ ನೆರೆಯ ಬಳ್ಳಾರಿಯಲ್ಲಿಯೇ ದೊರೆಯುತ್ತದೆ. ೧೮೦೦ರಲ್ಲಿ ನಿಜಾಮರು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಆ ಜಿಲ್ಲೆ ಸೇರಿತ್ತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ತಮ್ಮ ಆಳಿಕೆಯ ಎಲ್ಲ ಜಿಲ್ಲೆಗಳಿಂದ ದೇಶೀಯ ಶಾಲೆಗಳ ವಿವರವನ್ನು ತರಿಸಿದರು. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಉತ್ತರ ಬರೆದರು. ಇವರು ೧೮೧೬ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಜ್ಞರೂ ಹೌದು. ಅವರ ಲೆಕ್ಕದಂತೆ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩, ಓದುತ್ತಿದ್ದವರು ೬,೬೪೧. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಎರಡು ಭಾಷೆಗಳು ಹೀಗೆ ಸರಿಸಮನಾಗಿ ಹೆಗಲು ಕೊಟ್ಟು ನಿಂತ ಸೀಮೆಯದು; ನಮ್ಮ ಮರಿಕಲ್, ಮಖ್ತಲ್, ಗದ್ವಾಲ ಭಾಗಗಳಂತೆಯೇ.

ಆ ವರದಿಯಲ್ಲಿ ಶಾಲೆಯ ದಿನಚರಿಯ ವರ್ಣನೆಯಿದೆ. ಬೆಳಗ್ಗೆ ಆರು ಗಂಟೆಗೆ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದಂತೆಲ್ಲ ಒಂದೊಂದು ಏಟು ಹೆಚ್ಚುತ್ತಿತ್ತು. ಬಳಿಕ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಕೆಳಗಿನ ವರ್ಗಗಳನ್ನು ಹಿರಿಯ ಹುಡುಗರು ನೋಡಿಕೊಳ್ಳುತ್ತಿದ್ದರು. ಮೇಲಿನವು ಗುರುವಿನ ವಶದಲ್ಲಿರುತ್ತಿದ್ದವು. ಇಡೀ ಶಾಲೆಯ ಮೇಲೆ ಗುರುವಿನ ಕಣ್ಣು ಇರುತ್ತಿತ್ತು. ಹುಡುಗನು ತನ್ನ ಶಕ್ತಿ ಮತ್ತು ಪ್ರಗತಿಗೆ ತಕ್ಕಂತೆ ವರ್ಗದಿಂದ ವರ್ಗಕ್ಕೆ ಏರುತ್ತಿದ್ದನು.

ಈ ವಿವರವು ಎರಡು ಕಾರಣಗಳಿಂದ ನಮಗೆ ಮುಖ್ಯವೆನಿಸುತ್ತದೆ. ಮೊದಲನೆಯದಾಗಿ, ಮಗುವಿನ ಪ್ರಗತಿಯನ್ನು ದಿನದಿನವೂ ಕಣ್ಣಾರೆ ಕಂಡು ಅಳೆಯುವ ಪದ್ಧತಿ ನಮ್ಮ ಊರುಗಳ ಶಾಲೆಗಳಿಗೆ ಹೊಸದೇನಲ್ಲ. ಎರಡನೆಯದಾಗಿ, ಆ ಪದ್ಧತಿಯ ಕೊರತೆಯೂ ಅಂಗೈಯ ಆ ಗುರುತಿನಲ್ಲಿಯೇ ಕಾಣುತ್ತದೆ. ಯಾರು ಮೊದಲು ಬಂದರು, ಯಾರು ಅನಂತರ ಬಂದರು ಎಂಬುದು ಕಣ್ಣಿಗೆ ಕಂಡ ಸಂಗತಿ; ಅದರಲ್ಲಿ ಪಕ್ಷಪಾತವಿಲ್ಲ. ಆದರೆ ಐದನೆಯವನು ಏಕೆ ತಡವಾಗಿ ಬಂದನೆಂದು ಅಂಗೈ ಹೇಳದು. ಕಂಡ ಸಂಗತಿಯಿಂದ ಒಮ್ಮೆಲೇ ತೀರ್ಪಿಗೆ, ತೀರ್ಪಿನಿಂದ ಒಮ್ಮೆಲೇ ಏಟಿಗೆ ಹೋದಾಗ, ನಡುವೆ ವಿಚಾರಕ್ಕೆ ಎಡೆಯೇ ಉಳಿಯಲಿಲ್ಲ. ಅಂಗೈಯ ಬರಹ ಸಂಜೆಯೊಳಗೆ ಅಳಿಸಿಹೋಗುವಂಥದು. ನಿನ್ನೆಯದನ್ನು ಇಂದಿನದರೊಡನೆ ಹೋಲಿಸಿ ನೋಡುವಂತಿರಲಿಲ್ಲ.

ಮಕ್ಕಳ ವರ್ತನೆಯನ್ನು ತಾರೀಖಿನೊಡನೆ ಬರೆದಿಟ್ಟು ಪರಿಶೀಲಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸ್ತ್ರರೂಪಕ್ಕೆ ಬಂದಿತು. ಚಾರ್ಲ್ಸ್ ಡಾರ್ವಿನ್ ೧೮೩೯ರಲ್ಲಿ ಹುಟ್ಟಿದ ತಮ್ಮ ಮೊದಲ ಮಗನ ಚಲನವಲನಗಳನ್ನು ಗುರುತು ಹಾಕಿಕೊಂಡು, ೧೮೭೭ರಲ್ಲಿ ಅವನ್ನು ಲೇಖನವಾಗಿ ಪ್ರಕಟಿಸಿದರು. ಮುಂದೆ ಜೀನ್ ಪಿಯಾಜೆಯವರು ತಮ್ಮ ಮೂವರು ಮಕ್ಕಳನ್ನು ಹೀಗೆಯೇ ನೋಡಿ ಬರೆದರು. ಆದರೆ ನೋಡುವವನ ಕಣ್ಣೇ ತಪ್ಪಬಹುದೆಂಬ ಎಚ್ಚರವೂ ಜೊತೆಯಲ್ಲಿಯೇ ಬೆಳೆಯಿತು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ೧೯೨೦ರಲ್ಲಿ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಗುಣಾಂಕಗಳನ್ನು ಪರಿಶೀಲಿಸಿದರು. ಮೈಕಟ್ಟು ಚೆನ್ನಾಗಿದೆಯೆಂದು ಕಂಡವನಿಗೆ ಬುದ್ಧಿಯಲ್ಲಿಯೂ ಶೀಲದಲ್ಲಿಯೂ ಹೆಚ್ಚಿನ ಅಂಕ ದೊರೆತಿತ್ತು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯಂತೆ ಒಂದು ಗುಣದ ಹೊಳಪು ಉಳಿದೆಲ್ಲವನ್ನೂ ಬೆಳಗಿಬಿಡುತ್ತದೆ. ಒಂದು ಕೊರತೆಯ ಕತ್ತಲೆಯೂ ಹಾಗೆಯೇ ಉಳಿದೆಲ್ಲವನ್ನೂ ಮುಚ್ಚುತ್ತದೆ. ಶುದ್ಧವಾಗಿ ಮಾತನಾಡದ ಮಗು ಬುದ್ಧಿಯಲ್ಲಿಯೂ ಹಿಂದೆಂದು ನಾವು ಎಣಿಸುವುದು ಇದೇ ದೋಷದಿಂದ.

ನಮ್ಮ ದೇಶದಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (೧೯೫೨-೫೩) ಪ್ರತಿ ವಿದ್ಯಾರ್ಥಿಯ ಸರ್ವತೋಮುಖ ಪ್ರಗತಿಗೂ ಶಾಲಾ ದಾಖಲೆಯನ್ನಿಡಬೇಕೆಂದು ಶಿಫಾರಸು ಮಾಡಿತು. ಕೊಠಾರಿ ಆಯೋಗವು (೧೯೬೪-೬೬) ಆಂತರಿಕ ಮೌಲ್ಯಮಾಪನಕ್ಕೂ ಸಂಚಿತ ದಾಖಲೆಗೂ ಒತ್ತುಕೊಟ್ಟಿತು. ಕರ್ನಾಟಕದಲ್ಲಿ ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯಲ್ಲಿ ಮಗುವು ಕಲಿಕೆಯ ಏಣಿಯಲ್ಲಿ ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಯಾವ ಮೆಟ್ಟಿಲಿನಲ್ಲಿದೆಯೆಂಬುದನ್ನು ಅಧ್ಯಾಪಕರು ಗುರುತು ಮಾಡುತ್ತಾರೆ. ಬಳ್ಳಾರಿಯ ಹಳೆಯ ಶಾಲೆಯ ವರ್ಗದಿಂದ ವರ್ಗಕ್ಕೆ ಏರುವ ಕ್ರಮವನ್ನು ಇದು ನೆನಪಿಗೆ ತರುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿ, ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಅದನ್ನನುಸರಿಸಿ ನಮ್ಮ ಭಾಗದ ಶಾಲೆಗಳಲ್ಲಿ ಬಂದ ರಚನಾತ್ಮಕ ಮೌಲ್ಯಮಾಪನದಲ್ಲಿ ಬರವಣಿಗೆ, ಯೋಜನಾಕಾರ್ಯ, ಕಿರುಪರೀಕ್ಷೆಗಳೊಡನೆ ಮಕ್ಕಳ ಭಾಗವಹಿಸುವಿಕೆ ಮತ್ತು ಪ್ರತಿಸ್ಪಂದನಕ್ಕೂ ಅಂಕಗಳನ್ನಿಟ್ಟರು. ಅಂಗೈಯ ಗುರುತು ಹೀಗೆ ಪುಸ್ತಕಕ್ಕೆ ಬಂದಿತು. ಆದರೆ ಪುಸ್ತಕಕ್ಕೆ ಬಂದ ಮಾತ್ರಕ್ಕೆ ಬರೆದದ್ದು ನಿಜವಾಗುವುದಿಲ್ಲ.

ಇಲ್ಲಿ ಗಡಿನಾಡಿನ ಪ್ರಶ್ನೆ ಬರುತ್ತದೆ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು, ಗುಲ್ಬರ್ಗದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಕಲ್ಪಿಸಬೇಕೆಂದಿತು. ಆದರೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು ಎಂಬ ಮಕ್ಕಳು ನಮ್ಮ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಇಂಥ ಮಗುವಿನ ಮೌನಕ್ಕೆ ಅಧ್ಯಾಪಕನು ಯಾವ ಹೆಸರು ಕೊಡುತ್ತಾನೆಂಬುದರ ಮೇಲೆ ಅದರ ಭವಿಷ್ಯವು ಬಹುಮಟ್ಟಿಗೆ ನಿಂತಿದೆ.

ನಮ್ಮದೇ ತಪ್ಪೊಂದನ್ನು ಹೇಳುವುದು ಉಚಿತ. ಮರಿಕಲ್ಲಿನ ಕಡೆಯ ಶಾಲೆಯೊಂದರಲ್ಲಿ ನಾವು ಪಾಠ ಹೇಳುತ್ತಿದ್ದಾಗ ಮೂರನೆಯ ತರಗತಿಗೆ ಕನ್ನಡದ ಮನೆಯ ಹುಡುಗನೊಬ್ಬನು ಸೇರಿದನು. ಮೊದಲ ವಾರದಲ್ಲಿಯೇ ನಮ್ಮ ಪುಸ್ತಕದಲ್ಲಿ ಬರೆದೆವು: 'ಲೆಕ್ಕದಲ್ಲಿ ಮಂದ; ಆಸಕ್ತಿಯಿಲ್ಲ.' ಕೆಲವು ದಿನಗಳ ಮೇಲೆ, ಇದು ನಾವು ಕಂಡದ್ದೋ ಅಂದುಕೊಂಡದ್ದೋ ಎಂಬ ಸಂಶಯ ಹುಟ್ಟಿತು. ಅಂದಿನಿಂದ ಕಂಡದ್ದನ್ನು ಮಾತ್ರ ಬರೆಯತೊಡಗಿದೆವು. 'ಸೋಮವಾರ, ಮೊದಲ ಗಂಟೆ. "ತೀಸಿವೇತ" ಮಾಡೆಂದಾಗ ಪಕ್ಕದವನ ಹಲಗೆ ನೋಡಿದನು.' 'ಬುಧವಾರ. ಲೆಕ್ಕವನ್ನು ಅಂಕಿಗಳಲ್ಲಿ ಕಪ್ಪು ಹಲಗೆಯ ಮೇಲೆ ಬರೆದಾಗ ಎಲ್ಲರಿಗಿಂತ ಮೊದಲು ಮುಗಿಸಿದನು.' 'ಶುಕ್ರವಾರ, ಆಟದ ವೇಳೆ. ಇಪ್ಪತ್ತನಾಲ್ಕು ಗೋಲಿಗಳನ್ನು ಕನ್ನಡದಲ್ಲಿ ಎಣಿಸಿ ನಾಲ್ವರಿಗೆ ಸಮನಾಗಿ ಹಂಚಿದನು.' ಮರುವಾರ ನಾವು 'ಕಳಿ' ಎಂದು ಕನ್ನಡದಲ್ಲಿ ಹೇಳಿದೆವು; ಉತ್ತರ ಕೂಡಲೇ ಬಂದಿತು. ಹುಡುಗನಿಗೆ ಬಾರದೆ ಇದ್ದುದು ಲೆಕ್ಕವಲ್ಲ, ಲೆಕ್ಕದ ಹೆಸರು. ಮೊದಲು ಬರೆದುದನ್ನು ನಾವು ನಾಚಿಕೆಯಿಂದಲೇ ಹೊಡೆದುಹಾಕಿದೆವು. ದಾಖಲೆಯಿಡದೆ ಇದ್ದಿದ್ದರೆ ಆ ಮಾತು ಅವನೊಡನೆ ನಾಲ್ಕನೆಯ ತರಗತಿಗೆ ಹೋಗುತ್ತಿತ್ತು.

ಈ ಅನುಭವದಿಂದ ನಾವು ಕಲಿತುದನ್ನು ಸಂಗ್ರಹವಾಗಿ ಹೇಳಬಹುದು. ದಾಖಲೆಯಲ್ಲಿ ತಾರೀಖು, ವೇಳೆ, ಸಂದರ್ಭಗಳಿರಬೇಕು. ಮಗು ಮಾಡಿದ ಕ್ರಿಯೆಯನ್ನು ಬರೆಯಬೇಕು, ಅದರ ಗುಣವನ್ನಲ್ಲ. 'ಜಗಳಗಂಟ' ಎನ್ನುವುದರ ಬದಲು 'ತನ್ನ ಬಳಪ ತೆಗೆದುಕೊಂಡವನನ್ನು ತಳ್ಳಿದನು' ಎಂದರೆ ಕಾರಣವೂ ಕಾಣುತ್ತದೆ. ಮಗುವಿನ ಮಾತನ್ನು ಅದು ಆಡಿದ ಭಾಷೆಯಲ್ಲಿಯೇ ಬರೆಯಬೇಕು. ಅಂದಿನದನ್ನು ಅಂದೇ ಬರೆಯಬೇಕು. ತಪ್ಪು ಮಾಡಿದ ದಿನವಷ್ಟೇ ಅಲ್ಲದೆ ಸಾಧಾರಣ ದಿನವೂ ಬರೆಯಬೇಕು. ನಮ್ಮ ಅಭಿಪ್ರಾಯಕ್ಕೆ ಬೇರೆಯೇ ಒಂದು ಅಂಕಣವಿರಲಿ; ಹಲವು ದಿನಗಳ ಬರಹ ಕೂಡಿದ ಮೇಲೆಯೇ ಅದನ್ನು ತುಂಬೋಣ. ಐವತ್ತು ಮಕ್ಕಳಿರುವಲ್ಲಿ ಇದು ಸಾಧ್ಯವೇ ಎಂದು ಕೇಳುವವರುಂಟು. ದಿನಕ್ಕೆ ಐದು ಮಕ್ಕಳ ಬಗ್ಗೆ ಎರಡೆರಡು ಸಾಲು ಬರೆದರೂ ಹತ್ತು ದಿನಗಳಲ್ಲಿ ತರಗತಿಯೆಲ್ಲ ಒಂದು ಸುತ್ತು ಮುಗಿಯುತ್ತದೆ.

ಇವೆಲ್ಲವೂ ಎಲ್ಲ ಶಾಲೆಗಳಿಗೂ ಒಪ್ಪುವ ನಿಯಮಗಳು. ಗಡಿನಾಡಿನ ಶಾಲೆಗಳಿಗಾಗಿ ನಾವು ಇನ್ನೊಂದನ್ನು ಸೂಚಿಸುತ್ತೇವೆ. ನಮ್ಮ ದಾಖಲೆಯಲ್ಲಿ 'ಭಾಷೆ' ಎಂಬ ಒಂದು ಅಂಕಣವಿರಬೇಕು: ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದೆವು, ಮಗು ಯಾವ ಭಾಷೆಯಲ್ಲಿ ಉತ್ತರಿಸಿತು ಅಥವಾ ಸುಮ್ಮನಿತ್ತು. ಈ ಒಂದು ಅಂಕಣದಿಂದ ಎಷ್ಟೋ 'ಮಂದ'ರು ಮಂದರಲ್ಲವೆಂದು ಗೊತ್ತಾಗುತ್ತದೆ.

ಗದ್ವಾಲದ ಕಡೆ ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಬೆಳಗಿನ ಹೊತ್ತಿನದು. ಆ ಹಂಗಾಮಿನಲ್ಲಿ ತಾಯ್ತಂದೆಯರು ನಸುಕಿನಲ್ಲಿಯೇ ಹೊಲಕ್ಕೆ ಹೊರಟರೆ, ತಮ್ಮತಂಗಿಯರನ್ನು ನೋಡಿಕೊಂಡು ಶಾಲೆಗೆ ತಡವಾಗಿ ಬರುವ ಮಕ್ಕಳಿರುತ್ತಾರೆ. ಅಂಥ ಮಗು ಬಾಗಿಲಲ್ಲಿ ನಿಂತಾಗ, ತಡವಾಗಿ ಬಂದದ್ದು ನಾವು ಕಂಡ ಸತ್ಯ. ಸೋಮಾರಿಯೆಂಬುದು ನಮ್ಮ ಊಹೆ. ಇನ್ನೂರು ವರ್ಷಗಳ ಹಿಂದೆ ಅಂಥವನ ಅಂಗೈಗೆ ಏಟು ಬೀಳುತ್ತಿತ್ತು. ಇಂದು ನಾವು ಏಟು ಕೊಡುವಂತಿಲ್ಲ, ಆದರೆ ಒಂದು ಮಾತನ್ನು ಬರೆದುಬಿಡಬಲ್ಲೆವು. ಅದರ ಬರೆ ಏಟಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಆದುದರಿಂದ ಬರೆಯುವ ಮುನ್ನ ಆ ಮಗುವನ್ನು ಅದರ ಭಾಷೆಯಲ್ಲಿಯೇ ಒಮ್ಮೆ ಕೇಳೋಣ. ಅದು ಹೇಳಿದ್ದನ್ನು ಹೇಳಿದಂತೆಯೇ ಬರೆಯೋಣ. ನಮ್ಮ ಅಧ್ಯಾಪಕ ಬಂಧುಗಳು ಈ ವರ್ಷ ಒಂದೊಂದು ತರಗತಿಯಲ್ಲಿಯಾದರೂ ಈ ಕ್ರಮವನ್ನು ನಡೆಸಿ, ತಮಗೆ ಕಂಡುದನ್ನು ಸಂಘದ ಮುಂದೆ ಇಡಬೇಕೆಂದು ಬಿನ್ನವಿಸುತ್ತೇವೆ.