ಸೀಸದ ಸಾಕ್ಷ್ಯ

ಭೂಮಿಗೆ ವಯಸ್ಸೆಷ್ಟೆಂಬ ಪ್ರಶ್ನೆಗೂ, ಪಾಠಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು ಪಾಠವನ್ನು ಮನಸ್ಸಿನಲ್ಲಿ ನಿಲ್ಲಿಸಲಾರದೆ ತೊಳಲುವ ಮಗುವಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಮೇಲ್ನೋಟಕ್ಕೆ ಯಾವ ಸಂಬಂಧವೂ ತೋರದು. ಮೊದಲನೆಯದು ಭೂಗರ್ಭಶಾಸ್ತ್ರಜ್ಞರ ವಿಚಾರ; ಎರಡನೆಯದು ಉಪಾಧ್ಯಾಯರ ಮತ್ತು ತಾಯಿತಂದೆಗಳ ವ್ಯಥೆ. ಆದರೂ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೊದಲನೆಯದನ್ನು ಅರಸಿ ಹೊರಟ ಒಬ್ಬ ರಸಾಯನಶಾಸ್ತ್ರಜ್ಞನು ಎರಡನೆಯದರ ಬಾಗಿಲಿಗೆ ಬಂದು ನಿಂತನು. ಅವನನ್ನು ಅಲ್ಲಿಗೆ ಕರೆತಂದುದು ಸೀಸವೆಂಬ ಲೋಹ.

೧೮೫೯ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಜೀವಜಾತಿಗಳ ಉತ್ಪತ್ತಿಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಕಾಲ. ಒಂದು ಜಾತಿಯು ಮತ್ತೊಂದಾಗಿ ಮಾರ್ಪಡುವುದು ಅತ್ಯಂತ ಸಾವಕಾಶವಾದ ವ್ಯಾಪಾರ. ಇಂಗ್ಲೆಂಡಿನ ದಕ್ಷಿಣ ಭಾಗದ ವೀಲ್ಡ್ ಎಂಬ ಪ್ರದೇಶವನ್ನು ಸಮುದ್ರವು ಸವೆಯಿಸುವುದಕ್ಕೆ ೩೦ ಕೋಟಿ ೬೬ ಲಕ್ಷ ೬೨ ಸಾವಿರದ ೪೦೦ ವರ್ಷಗಳು ಬೇಕಾಗಿದ್ದಿರಬೇಕೆಂದು ಅವನು ಲೆಕ್ಕಹಾಕಿದನು. ಇಷ್ಟು ಬಿಗಿಯಾದ ಅಂಕಿಯನ್ನು ಅಷ್ಟು ಸಡಿಲವಾದ ಊಹೆಯ ಮೇಲೆ ನಿಲ್ಲಿಸಿದುದು ಅವನಂತಹ ಎಚ್ಚರಿಕೆಯವನಿಗೆ ಒಪ್ಪುವ ಕೆಲಸವಾಗಿರಲಿಲ್ಲ. ಆಕ್ಷೇಪಗಳು ಬಂದುವು; ೧೮೬೧ರ ಮೂರನೆಯ ಆವೃತ್ತಿಯಲ್ಲಿ ಆ ಲೆಕ್ಕವು ಮಾಯವಾಯಿತು.

ಮರುವರ್ಷವೇ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ವಿಲಿಯಮ್ ಥಾಮ್ಸನ್ನನು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ಪ್ರಬಲವಾದ ತಡೆಯನ್ನು ಒಡ್ಡಿದನು. ಗಣಿಗಳಲ್ಲಿ ಆಳಕ್ಕೆ ಇಳಿದಷ್ಟೂ ಸೆಕೆ ಹೆಚ್ಚುವುದು. ಆದುದರಿಂದ ಭೂಮಿಯು ಒಮ್ಮೆ ಕಾದ ಗುಂಡಾಗಿದ್ದು ಕ್ರಮವಾಗಿ ಆರುತ್ತ ಬಂದಿದೆ. ಆರುವ ವೇಗವನ್ನು ತಿಳಿದರೆ ಆರಂಭವನ್ನೂ ತಿಳಿಯಬಹುದು. ಹೀಗೆ ತರ್ಕಿಸಿ ಅವನು ಭೂಮಿಗೆ ಸುಮಾರು ೧೦ ಕೋಟಿ ವರ್ಷಗಳ ಆಯುಸ್ಸನ್ನು ಕೊಟ್ಟನು. ೧೮೯೭ರ ವೇಳೆಗೆ ಅದನ್ನು ೨ ರಿಂದ ೪ ಕೋಟಿಗಳಿಗೆ ಇಳಿಸಿಬಿಟ್ಟನು. ಡಾರ್ವಿನ್ನನಿಗೆ ಇದು ಕೊನೆಯವರೆಗೂ ಕಾಡಿದ ಚಿಂತೆಯಾಯಿತು. ಅವನ ಸ್ನೇಹಿತ ಹಕ್ಸ್‌ಲಿಯು ೧೮೬೯ರಲ್ಲಿ, ಗಣಿತವು ಬೀಸುವ ಕಲ್ಲಿನಂತೆ, ಹಾಕಿದ ಕಾಳಿಗೆ ತಕ್ಕ ಹಿಟ್ಟನ್ನೇ ಅದು ಕೊಡಬಲ್ಲುದು ಎಂಬ ಭಾವದ ಮಾತನ್ನಾಡಿ ಪ್ರತಿಭಟಿಸಿದನು. ಡಾರ್ವಿನ್ನನು ೧೮೮೨ರಲ್ಲಿ ತೀರಿಕೊಂಡನು. ಅವನ ಪ್ರಶ್ನೆಗೆ ಪರಿಹಾರವು ಆಗಿನ್ನೂ ದೊರೆತಿರಲಿಲ್ಲ.

ಕೆಲ್ವಿನ್ನನ ಲೆಕ್ಕದಲ್ಲಿ ದೋಷವೆಲ್ಲಿತ್ತು? ಭೂಗರ್ಭದ ಪದಾರ್ಥವು ಚಲಿಸಿ ಶಾಖವನ್ನು ಮೇಲಕ್ಕೆ ಸಾಗಿಸಬಲ್ಲುದಾದರೆ ಆಯುಸ್ಸು ಬಹುಪಾಲು ಬೆಳೆಯುವುದೆಂದು ಅವನ ಹಿಂದಿನ ಸಹಾಯಕನೇ ಆದ ಜಾನ್ ಪೆರ್ರಿಯು ೧೮೯೫ರಲ್ಲಿ ತೋರಿಸಿದನು. ನಿಜವಾದ ಉತ್ತರವು ಬಹುಮಟ್ಟಿಗೆ ಇದೇ. ಆದರೆ ಲೋಕವು ಪೆರ್ರಿಯನ್ನು ಮರೆತು, ಮರುವರ್ಷ ಬೆಕೆರೆಲನು ಯುರೇನಿಯಮಿನಲ್ಲಿ ಕಂಡ ವಿಕಿರಣಕ್ಕೇ ಗೆಲವಿನ ಪಟ್ಟವನ್ನು ಕಟ್ಟಿತು. ರೇಡಿಯಮ್ ತಾನಾಗಿಯೇ ಶಾಖವನ್ನು ಹೊರಸೂಸುವುದೆಂದು ೧೯೦೩ರಲ್ಲಿ ಪ್ಯಾರಿಸಿನಿಂದ ವರ್ತಮಾನ ಬಂದಿತು. ೧೯೦೪ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರುದರ್‌ಫರ್ಡನು ಉಪನ್ಯಾಸಕ್ಕೆ ನಿಂತಾಗ ವೃದ್ಧನಾದ ಕೆಲ್ವಿನ್ನನು ಸಭೆಯಲ್ಲಿ ತೂಕಡಿಸುತ್ತಿದ್ದನಂತೆ. ಭೂಮಿಯ ವಯಸ್ಸಿನ ಮಾತು ಬಂದೊಡನೆ ಒಂದು ಕಣ್ಣನ್ನು ತೆರೆದನಂತೆ. ಹೊಸ ಶಾಖಮೂಲವು ದೊರೆಯದಿದ್ದರೆ ಮಾತ್ರ ತನ್ನ ಲೆಕ್ಕ ನಿಲ್ಲುವುದೆಂದು ಲಾರ್ಡ್ ಕೆಲ್ವಿನ್ನರು ಮೊದಲೇ ಹೇಳಿದ್ದರೆಂದು ರುದರ್‌ಫರ್ಡನು ಜಾಣತನದಿಂದ ನುಡಿದಾಗ ಮುದುಕನ ಮುಖವು ಅರಳಿತೆಂದು ರುದರ್‌ಫರ್ಡನೇ ಬಳಿಕ ಹೇಳಿಕೊಂಡಿದ್ದಾನೆ.

ಈ ಹೊಸ ವಿದ್ಯೆಯು ಶಾಖವನ್ನು ಕೊಟ್ಟುದಲ್ಲದೆ ಒಂದು ಗಡಿಯಾರವನ್ನೂ ಕೊಟ್ಟಿತು. ಯುರೇನಿಯಮ್ ನಿಯತವಾದ ವೇಗದಿಂದ ಕ್ಷಯಿಸುತ್ತ ಕಟ್ಟಕಡೆಗೆ ಸೀಸವಾಗಿ ನಿಲ್ಲುವುದು. ೨೩೮ ತೂಕದ ಯುರೇನಿಯಮ್ ಅರ್ಧಕ್ಕೆ ಇಳಿಯಲು ಸುಮಾರು ೪೪೭ ಕೋಟಿ ವರ್ಷಗಳು ಬೇಕು. ಆದುದರಿಂದ ಒಂದು ಕಲ್ಲಿನಲ್ಲಿ ಯುರೇನಿಯಮ್ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ ಸೀಸವೆಷ್ಟು ಎಂಬುದನ್ನು ಅಳೆದರೆ ಕಲ್ಲಿನ ವಯಸ್ಸು ಹೊರಬೀಳುವುದು. ೧೯೦೭ರಲ್ಲಿ ಬೋಲ್ಟ್‌ವುಡ್, ೧೯೧೧ರಲ್ಲಿ ಆರ್ಥರ್ ಹೋಮ್ಸ್ ಈ ದಾರಿಯನ್ನು ತುಳಿದು ನೂರಾರು ಕೋಟಿ ವರ್ಷಗಳ ಮಾತನ್ನಾಡಿದರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದೆಂದು ಇಂದು ಹೇಳುವುದೂ ವಿಕಿರಣದ ಗಡಿಯಾರಗಳ ಬಲದಿಂದಲೇ.

ಆದರೆ ಇಡೀ ಭೂಮಿಯ ವಯಸ್ಸನ್ನು ತಿಳಿಯಲು, ಅದು ಹುಟ್ಟಿದಾಗಲೇ ಅದರಲ್ಲಿದ್ದ ಸೀಸವು ಯಾವ ಬಗೆಯದೆಂಬುದು ಗೊತ್ತಾಗಬೇಕಾಗಿತ್ತು. ಅದಕ್ಕೆ ಭೂಮಿಯೊಡನೆಯೇ ಹುಟ್ಟಿ, ಯುರೇನಿಯಮ್ ಇಲ್ಲದೆ ಸೀಸವನ್ನು ಮಾತ್ರ ಹೊತ್ತಿರುವ ವಸ್ತು ಬೇಕು. ಅಂತಹದು ಆಕಾಶದಿಂದ ಬಿದ್ದ ಕಬ್ಬಿಣದ ಉಲ್ಕೆಗಳಲ್ಲಿ ಉಂಟು. ಈ ಕಾರ್ಯವು ೧೯೨೨ರಲ್ಲಿ ಅಮೆರಿಕದ ಐಯೋವ ಪ್ರಾಂತದಲ್ಲಿ ಹುಟ್ಟಿದ ಕ್ಲೇರ್ ಪ್ಯಾಟರ್ಸನ್ ಎಂಬ ಯುವಕನ ಪಾಲಿಗೆ ಬಂದಿತು. ಚಿಕಾಗೋ ನಗರದಲ್ಲಿ ಅವನು ಜಿರ್ಕಾನ್ ಎಂಬ ಖನಿಜದ ಕಣಗಳಲ್ಲಿ ಸೀಸವನ್ನು ಅಳೆಯತೊಡಗಿದಾಗ, ಬರಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸೀಸವು ಬರುತ್ತಿದ್ದಿತು. ಮತ್ತೆ ಅಳೆದರೆ ಬೇರೊಂದು ಮೊತ್ತ. ಸೀಸವು ಕಲ್ಲಿನೊಳಗಿರಲಿಲ್ಲ, ಕೊಠಡಿಯ ಗಾಳಿಯಲ್ಲಿ, ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಬಟ್ಟೆಯಲ್ಲಿ, ತಲೆಗೂದಲಿನಲ್ಲಿ ಅದು ಇದ್ದಿತು.

ಬೇರೆಯವನಾಗಿದ್ದರೆ ಸರಾಸರಿಯೊಂದನ್ನು ಹಿಡಿದು ಮುಗಿಸಿಬಿಡುತ್ತಿದ್ದನು. ಪ್ಯಾಟರ್ಸನ್ನನು ೧೯೫೨ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಧೂಳು ಸುಳಿಯದ ಪ್ರಯೋಗಶಾಲೆಯೊಂದನ್ನು ಕಟ್ಟಿದನು. ಒಳಕ್ಕೆ ಬರುವ ಗಾಳಿಯನ್ನು ಸೋಸುವುದು, ಪಾತ್ರೆಗಳನ್ನು ಆಮ್ಲದಲ್ಲಿ ಮತ್ತೆ ಮತ್ತೆ ತೊಳೆಯುವುದು, ಹೊರಗಿನ ಉಡುಪಿನಲ್ಲಿ ಯಾರನ್ನೂ ಒಳಗೆ ಬಿಡದಿರುವುದು: ನಮ್ಮ ಮನೆಗಳಲ್ಲಿ ಹಿರಿಯರು ಮಡಿಯುಟ್ಟು ಅಡುಗೆಮನೆಯನ್ನು ಕಾಯ್ದುಕೊಳ್ಳುತ್ತಿದ್ದ ನಿಷ್ಠೆಯನ್ನು ಕಂಡವರಿಗೆ ಇದು ಹೊಸದೆನಿಸದು. ಭೇದವಿಷ್ಟೆ, ಇಲ್ಲಿಯ ಮೈಲಿಗೆಯು ತಕ್ಕಡಿಗೆ ಸಿಕ್ಕುವಂತಹದು. ೧೯೫೩ರಲ್ಲಿ ಅರಿಜೋನದ ಕ್ಯಾನಿಯನ್ ಡಯಾಬ್ಲೊ ಉಲ್ಕೆಯ ಸೀಸವನ್ನು ಅಳೆದುದಾಯಿತು. ೧೯೫೬ರಲ್ಲಿ ಪ್ರಕಟವಾದ ಫಲಿತಾಂಶವು ೪೫೫ ಕೋಟಿ ವರ್ಷಗಳು, ೭ ಕೋಟಿ ಹೆಚ್ಚು ಅಥವಾ ಕಡಮೆ. ಆ ಅಂಕಿಯು ಇಂದಿಗೂ ಕದಲಿಲ್ಲವೆಂದೇ ಹೇಳಬೇಕು.

ಪುರಾಣೋಕ್ತವಾದ ಕಲ್ಪವು ೪೩೨ ಕೋಟಿ ವರ್ಷಗಳದಾದುದರಿಂದ, ನಮ್ಮ ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತೆಂದು ಹಿಗ್ಗುವವರು ಉಂಟು. ಆ ಸಂಖ್ಯೆಯು ಯುಗಗಣನೆಯಿಂದ ಬಂದುದು. ಈ ಸಂಖ್ಯೆಯು ಕಲ್ಲನ್ನು ಅಳೆದು ಬಂದುದು. ಮಹಾಕಾಲವನ್ನು ಮನಸ್ಸಿಗೆ ತಂದುಕೊಳ್ಳಲು ಅಂಜದಿದ್ದುದು ಪ್ರಾಚೀನರ ಹಿರಿಮೆ. ಅಷ್ಟನ್ನು ಹೇಳಿದರೆ ಸಾಕು. ಅಂಕಿಗಳ ಸಾಮೀಪ್ಯಕ್ಕೆ ಅದಕ್ಕಿಂತ ಹೆಚ್ಚಿನ ಭಾರವನ್ನು ಹೊರಿಸುವುದು ಅವರಿಗೂ ನ್ಯಾಯವಲ್ಲ.

ಭೂಮಿಯ ವಯಸ್ಸು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಆ ಕೊಠಡಿಯ ಗಾಳಿಯಲ್ಲಿದ್ದ ಸೀಸವು ಎಲ್ಲಿಂದ ಬಂದಿತು? ಪ್ಯಾಟರ್ಸನ್ನನು ಸಮುದ್ರದ ನೀರನ್ನು ಪರೀಕ್ಷಿಸಿದನು. ಮೇಲುಗಡೆಯ ನೀರಿನಲ್ಲಿ ಆಳದ ನೀರಿಗಿಂತ ಬಹಳ ಹೆಚ್ಚು ಸೀಸವಿದ್ದಿತು. ಗ್ರೀನ್‌ಲೆಂಡಿನ ಹಿಮದ ಪದರಗಳನ್ನು ಕೊರೆದು ನೋಡಿದಾಗ, ಪ್ರಾಚೀನ ಹಿಮಕ್ಕಿಂತ ಈಚಿನದರಲ್ಲಿ ಇನ್ನೂರು ಪಾಲು ಹೆಚ್ಚು ಕಂಡಿತು. ೧೯೪೦ರ ಮೇಲಂತೂ ಏರಿಕೆಯು ಕಡಿದಾಗಿತ್ತು. ಕಾರಣವು ಮೋಟಾರು ಗಾಡಿಗಳ ಪೆಟ್ರೋಲು. ೧೯೨೧ರಲ್ಲಿ ಥಾಮಸ್ ಮಿಜ್ಲಿ ಎಂಬ ಯಂತ್ರಶಾಸ್ತ್ರಜ್ಞನು, ಎಂಜಿನ್ನಿನ ಬಡಿತವನ್ನು ನಿಲ್ಲಿಸುವುದಕ್ಕಾಗಿ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸುವ ಉಪಾಯವನ್ನು ಕಂಡುಹಿಡಿದಿದ್ದನು. ೧೯೨೪ರಲ್ಲಿ ನ್ಯೂ ಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಬುದ್ಧಿ ಕೆಟ್ಟು ಸತ್ತರು. ಮರುವರ್ಷ ನಡೆದ ವಿಚಾರಸಭೆಯಲ್ಲಿ ವೈದ್ಯೆಯಾದ ಆಲಿಸ್ ಹ್ಯಾಮಿಲ್ಟನ್ನಳು ಬೇಡವೆಂದು ಎಷ್ಟು ಎಚ್ಚರಿಸಿದರೂ ಮಾರಾಟವು ಮುಂದುವರಿಯಿತು.

ತಯಾರಕರ ಪರವಾಗಿ ರಾಬರ್ಟ್ ಕೀಹೋ ಎಂಬ ವೈದ್ಯವಿಜ್ಞಾನಿಯು ಹೇಳುತ್ತಿದ್ದುದು ಹೀಗೆ: ಎಲ್ಲ ಮನುಷ್ಯರ ದೇಹದಲ್ಲಿಯೂ ಸೀಸವಿದೆ, ಆದುದರಿಂದ ಅದು ಸಹಜ, ಒಂದು ಮಿತಿಯೊಳಗೆ ನಿರಪಾಯ. ೧೯೬೫ರಲ್ಲಿ ಪ್ಯಾಟರ್ಸನ್ನನು ಇದರ ಬುಡವನ್ನೇ ಕಡಿದನು. ಎಲ್ಲರಲ್ಲಿಯೂ ಇರುವುದು ವಾಡಿಕೆಯೇ ಹೊರತು ಸಹಜವಲ್ಲ. ಮನುಷ್ಯದೇಹವು ರೂಪುಗೊಂಡ ದೀರ್ಘವಾದ ವಿಕಾಸಕಾಲದಲ್ಲಿ ಸೀಸವು ಬಹುಪಾಲು ನೆಲದೊಳಗೇ ಹುದುಗಿತ್ತು. ಅದನ್ನು ತಾಳಿಕೊಳ್ಳುವ ಪಾಠವನ್ನು ದೇಹವು ಕಲಿಯಲೇ ಇಲ್ಲ. ತನ್ನ ಕಾಲದ ಅಮೆರಿಕನ್ನರ ಮೈಯಲ್ಲಿ ಸಹಜಕ್ಕಿಂತ ಸುಮಾರು ನೂರು ಪಟ್ಟು ಸೀಸವಿದೆಯೆಂದು ಅವನು ಲೆಕ್ಕಮಾಡಿದನು. ಪೆರುವಿನ ಹಳೆಯ ಗೋರಿಗಳಲ್ಲಿ ದೊರೆತ ಎಲುಬುಗಳ ಪರೀಕ್ಷೆಯು ಮುಂದೆ ಅವನ ಮಾತನ್ನು ಗಟ್ಟಿಪಡಿಸಿತು. ಡಾರ್ವಿನ್ನನಿಗಾಗಿ ಕಾಲವನ್ನು ಗಳಿಸಿಕೊಟ್ಟ ಲೋಹದ ವಿಷಯದಲ್ಲಿ ಡಾರ್ವಿನ್ನನ ತತ್ತ್ವವೇ ಹೀಗೆ ಸಾಕ್ಷಿಯಾಗಿ ಬಂದಿತು. ಅವನಿಗೆ ತೈಲೋದ್ಯಮದವರಿಂದ ಬರುತ್ತಿದ್ದ ಧನಸಹಾಯವು ನಿಂತಿತು. ೧೯೭೧ರಲ್ಲಿ ಗಾಳಿಯ ಸೀಸವನ್ನು ವಿಚಾರಿಸಿದ ರಾಷ್ಟ್ರೀಯ ಸಮಿತಿಯಲ್ಲಿ, ಆ ವಿಷಯವನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲ ಅವನಿಗೆ ಸ್ಥಾನವಿರಲಿಲ್ಲ.

ಇಷ್ಟರಲ್ಲಿ ವೈದ್ಯರು ಬೇರೊಂದು ದಾರಿಯಿಂದ ಅದೇ ಸ್ಥಳಕ್ಕೆ ಬರುತ್ತಿದ್ದರು. ನಮ್ಮ ರಸಶಾಸ್ತ್ರಕಾರರು ನಾಗವೆಂದು ಕರೆದು, ಪೂತಿಲೋಹಗಳ ಸಾಲಿನಲ್ಲಿಟ್ಟು, ಶೋಧನವಿಲ್ಲದೆ ಮುಟ್ಟಬಾರದೆಂದ ಸೀಸವು ವಿಷವೆಂಬುದು ಯವನ ವೈದ್ಯರಿಗೂ ತಿಳಿದಿದ್ದಿತು. ಹೊಸದಾಗಿ ತಿಳಿದುದು ಅದು ಮಕ್ಕಳಿಗೆ ಮಾಡುವ ಕೇಡು. ಮಗುವು ನೆಲದಲ್ಲಿ ಹರಿದಾಡಿ ಕೈಯನ್ನು ಬಾಯಿಗಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರಿಗಿಂತ ಎಷ್ಟೋ ಹೆಚ್ಚಿನ ಪಾಲು ಅದರ ರಕ್ತಕ್ಕೆ ಸೇರುತ್ತದೆ. ಸುಣ್ಣದ ಸತ್ತ್ವದ ವೇಷದಲ್ಲಿ ಎಲುಬಿಗೂ ಬೆಳೆಯುವ ಮಿದುಳಿಗೂ ನುಗ್ಗುತ್ತದೆ. ೧೯೪೩ರಲ್ಲಿ ಬಾಸ್ಟನ್ನಿನ ಬಯರ್ಸ್ ಮತ್ತು ಲಾರ್ಡ್ ಎಂಬಿಬ್ಬರು, ಸೀಸದ ವಿಷದಿಂದ ಗುಣಹೊಂದಿದರೆಂದು ಆಸ್ಪತ್ರೆಯಿಂದ ಕಳುಹಿಸಲ್ಪಟ್ಟಿದ್ದ ೨೦ ಮಕ್ಕಳನ್ನು ಶಾಲೆಗಳಲ್ಲಿ ಹುಡುಕಿ ನೋಡಿದರು. ೧೯ ಮಕ್ಕಳು ಓದಿನಲ್ಲಾಗಲಿ ನಡತೆಯಲ್ಲಾಗಲಿ ಹಿಂದೆ ಬಿದ್ದಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಅವರು ಗುಣವಾದವರು. ಉಪಾಧ್ಯಾಯನ ದಾಖಲೆಯಲ್ಲಿ ದಡ್ಡರು, ತುಂಟರು. ಈ ಎರಡು ಪುಸ್ತಕಗಳನ್ನು ಅದುವರೆಗೆ ಯಾರೂ ಒಟ್ಟಿಗೆ ತೆರೆದಿರಲಿಲ್ಲ.

ರೋಗದ ಲಕ್ಷಣವೇ ಇಲ್ಲದ ಮಕ್ಕಳ ಗತಿಯೇನು? ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯನು ಇದನ್ನರಿಯಲು ಸುಲಭವೂ ಸುಂದರವೂ ಆದ ಉಪಾಯವನ್ನು ಹೂಡಿದನು. ರಕ್ತದ ಸೀಸವು ಕೆಲವು ವಾರಗಳ ಸುದ್ದಿಯನ್ನು ಮಾತ್ರ ಹೇಳುತ್ತದೆ. ಹಲ್ಲಿನ ಸೀಸವು ವರ್ಷಗಳ ಕಥೆಯನ್ನು ಇಟ್ಟುಕೊಂಡಿರುತ್ತದೆ. ಮ್ಯಾಸಚೂಸೆಟ್ಸಿನ ಚೆಲ್ಸಿ ಮತ್ತು ಸಾಮರ್‌ವಿಲ್ ಊರುಗಳ ಎರಡು ಸಾವಿರಕ್ಕೂ ಮಿಕ್ಕ ಶಾಲಾಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಅವನು ಸಂಗ್ರಹಿಸಿದನು. ಹಲ್ಲಿನಲ್ಲಿ ಹೆಚ್ಚು ಸೀಸವಿದ್ದ ೫೮ ಮಕ್ಕಳನ್ನೂ ಕಡಮೆಯಿದ್ದ ೧೦೦ ಮಕ್ಕಳನ್ನೂ ಹೋಲಿಸಿದಾಗ, ಮೊದಲಿನವರು ಬುದ್ಧಿಯ ಪರೀಕ್ಷೆಯಲ್ಲಿ, ಮಾತಿನಲ್ಲಿ, ಗಮನದಲ್ಲಿ ಹಿಂದಾಗಿದ್ದರು. ಹಲ್ಲಿನ ಗುಟ್ಟನ್ನರಿಯದ ಉಪಾಧ್ಯಾಯರು ತಮ್ಮ ಶಿಷ್ಯರ ವಿಷಯವಾಗಿ ಬರೆದುಕೊಟ್ಟ ಉತ್ತರಗಳೂ ಅದನ್ನೇ ನುಡಿದುವು: ಸೀಸ ಏರಿದಷ್ಟೂ ಚಂಚಲತೆ ಏರಿತ್ತು. ೧೯೭೯ರಲ್ಲಿ ಇದು ಪ್ರಕಟವಾಯಿತು. ೧೯೯೧ರಲ್ಲಿ ನೀಡಲ್‌ಮನ್ನನ ಮೇಲೆ ಅಪ್ರಾಮಾಣಿಕತೆಯ ಆರೋಪ ಬಂದಿತು. ಬಹಿರಂಗ ವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಅವನ ಗಣನೆಯಲ್ಲಿ ಸಣ್ಣ ತಪ್ಪುಗಳಿದ್ದುದು ದಿಟ. ತೀರ್ಮಾನವು ಅವುಗಳಿಂದ ಅಲುಗಲಿಲ್ಲ.

ಇಲ್ಲಿ ಒಂದು ಮಾತು. ಕನ್ನಡದಲ್ಲಿ ನಾವು ಸೀಸದ ಕಡ್ಡಿಯೆನ್ನುವ ವಸ್ತುವಿನಲ್ಲಿ ಸೀಸವೇ ಇಲ್ಲ, ಇರುವುದು ಇದ್ದಲಿನ ಜಾತಿಯ ಗ್ರಾಫೈಟು. ಅದನ್ನು ಕಡಿಯುವ ಮಕ್ಕಳನ್ನು ಗದರಿಸುತ್ತಿದ್ದ ಉಪಾಧ್ಯಾಯರು, ಕಿಟಕಿಯಾಚೆಯ ರಸ್ತೆಯ ಹೊಗೆಯನ್ನು ಲಕ್ಷಿಸಿದವರಲ್ಲ.

೧೯೭೦ರ ದಶಕದ ನಡುವಿನಿಂದ ಅಮೆರಿಕದಲ್ಲಿ ಪೆಟ್ರೋಲಿನ ಸೀಸವು ಇಳಿಯತೊಡಗಿತು. ೧೯೭೬ರಿಂದ ೧೯೮೦ರವರೆಗಿನ ಅಲ್ಪಕಾಲದಲ್ಲಿಯೇ ಜನರ ರಕ್ತದ ಸೀಸವು ನೂರಕ್ಕೆ ೩೭ರಷ್ಟು ತಗ್ಗಿತು. ಪೆಟ್ರೋಲಿನ ರೇಖೆಯೂ ರಕ್ತದ ರೇಖೆಯೂ ಜೊತೆಜೊತೆಯಾಗಿ ಇಳಿದುವು. ಭಾರತದಲ್ಲಿ ಸೀಸದ ಪೆಟ್ರೋಲಿನ ಮಾರಾಟವು ೨೦೦೦ದಲ್ಲಿ ನಿಂತಿತು. ಕಟ್ಟಕಡೆಯದಾಗಿ ೨೦೨೧ರಲ್ಲಿ ಅಲ್ಜೀರಿಯವು ನಿಲ್ಲಿಸಿತು. ಪ್ಯಾಟರ್ಸನ್ನನು ೧೯೯೫ರಲ್ಲಿ ಕಾಲವಾದನು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ಗ್ರೀನ್‌ಲೆಂಡಿನ ಹೊಸ ಹಿಮವನ್ನು ಅಳೆದ ವಿಜ್ಞಾನಿಗಳು ಸುಮಾರು ಇಪ್ಪತ್ತು ವರ್ಷಗಳಲ್ಲಿ ಅದರ ಸೀಸವು ಏಳರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿದಿರುವುದಾಗಿ ಪ್ರಕಟಿಸಿದ್ದರು.