ಕೂತ್ ಕಂದಕದ ಸಿಪಾಯಿಗಳು: ಉಳಿದ ಅಂಕಿ, ಅಳಿದ ಹೆಸರು

ಚರಿತ್ರೆಯೆಂದರೆ ಅರಸರ ಕಥೆ ಎಂಬ ಭಾವನೆ ನಮ್ಮ ಪಾಠಕ್ರಮವನ್ನು ಇನ್ನೂ ಪೂರ್ಣವಾಗಿ ಬಿಟ್ಟಿಲ್ಲ. ಮೊದಲನೆಯ ಮಹಾಯುದ್ಧವನ್ನು ಕಲಿಸುವಾಗ ಫ್ರಾನ್ಸಿನ ಕಂದಕಗಳ ಮಾತು ಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲಾನ್ಸರ್ಸ್ ಪಡೆಯವರು ಕುದುರೆಯೇರಿ ಮೆರೆದ ಸಾಹಸವೂ ಬರುತ್ತದೆ. ಆದರೆ ಮೆಸೊಪೊಟೇಮಿಯಾದ, ಎಂದರೆ ಇಂದಿನ ಇರಾಕಿನ, ಕೆಸರುಗುಂಡಿಗಳಲ್ಲಿ ತಿಂಗಳುಗಟ್ಟಲೆ ಕುಳಿತ ಕಾಲಾಳುಗಳ ಮಾತು ಬರುವುದು ವಿರಳ.

ಆ ಕಾಲಾಳುಗಳು ನಮಗೆ ದೂರದವರಲ್ಲ. ಕೊಲ್ಹಾಪುರ, ಸಾತಾರಾ, ರತ್ನಾಗಿರಿಗಳ ಕಡೆಯಿಂದ ಮರಾಠಾ ದಳಗಳಿಗೆ ಜನ ಸೇರುತ್ತಿದ್ದುದು ಹಳೆಯ ವಾಡಿಕೆ. ಯುದ್ಧಕಾಲದಲ್ಲಿ ಶಾಹೂ ಮಹಾರಾಜರು ಸೈನ್ಯಭರ್ತಿಗೆ ನೆರವಾದರು. ಇಚಲಕರಂಜಿಯ ನೆರೆಯ ಶಿರೋಳ ತಾಲೂಕಿನ ಟಾಕಳಿ ಎಂಬ ಗ್ರಾಮವಂತೂ ಸಿಪಾಯಿಗಳ ಊರೆನಿಸಿ ‘ಸೈನಿಕ ಟಾಕಳಿ’ ಎಂದೇ ಹೆಸರು ಪಡೆದಿದೆ. 1922ರಿಂದ ಈ ದಳಗಳ ಶಿಕ್ಷಣ ಕೇಂದ್ರ ಬೆಳಗಾವಿಯಲ್ಲಿ ನೆಲೆಸಿತು. ಗಡಹಿಂಗ್ಲಜದವರಿಗೆ ಅದು ನೆರೆಯೂರೇ ಸರಿ.

1915ರ ನವೆಂಬರದಲ್ಲಿ ಜನರಲ್ ಟೌನ್‌ಶೆಂಡ್‌ನ ಸೈನ್ಯವು ಬಾಗದಾದಿನ ಸಮೀಪದ ಟೆಸಿಫಾನ್‌ನಿಂದ ಹಿಮ್ಮೆಟ್ಟಿ, ಡಿಸೆಂಬರ 3ರಂದು ಕೂತ್-ಅಲ್-ಅಮಾರಾ ಎಂಬ ಊರನ್ನು ಸೇರಿತು. 103, 110 ಮತ್ತು 117ನೆಯ ಮರಾಠಾ ಪಲ್ಟನ್‌ಗಳು ಈ ಸೈನ್ಯದಲ್ಲಿದ್ದುವು. ಟೈಗ್ರಿಸ್ ನದಿ ಆ ಊರನ್ನು ಮೂರು ಕಡೆ ಬಳಸಿ ಹರಿಯುತ್ತದೆ. ನಾಲ್ಕನೆಯ ಕಡೆಯ ಬಯಲಿಗೆ ಅಡ್ಡಲಾಗಿ ಸಿಪಾಯಿಗಳು ಸಾಲುಸಾಲು ಕಂದಕ ತೋಡಿದರು. ಡಿಸೆಂಬರ 7ರಂದು ತುರ್ಕರ ಮುತ್ತಿಗೆ ಬಿಗಿಯಿತು. ಜನವರಿಯಲ್ಲಿ ನದಿ ಉಕ್ಕಿ ಮುಂದಿನ ಸಾಲಿನ ಕಂದಕಗಳಿಗೆ ನೀರು ನುಗ್ಗಿತು. ಕಾವಲಿನವರು ಹಿಂದಿನ ಸಾಲಿಗೆ ಸರಿಯಬೇಕಾಯಿತು. ಎದುರಾಳಿಯ ಕಂದಕಗಳನ್ನೂ ನೀರು ಬಿಡಲಿಲ್ಲ. ಮುತ್ತಿಗೆಯನ್ನು ಬಿಡಿಸಲು ಬಂದ ಸೈನ್ಯದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 23,000 ಮಂದಿ. ಆದರೂ ಬಿಡುಗಡೆ ದೊರೆಯಲಿಲ್ಲ.

ಗುಂಡಿಗಿಂತ ಹಸಿವು ಹೆಚ್ಚು ಕ್ರೂರವಾಯಿತು. ಕೊನೆಗೆ ವಿಮಾನಗಳಿಂದ ಹಿಟ್ಟಿನ ಚೀಲಗಳನ್ನೂ ಬೀಸುವ ಕಲ್ಲುಗಳನ್ನೂ ಇಳಿಸಬೇಕಾಯಿತು. ಸೈನ್ಯದ ಕುದುರೆಗಳನ್ನೇ ಕೊಂದು ಮಾಂಸ ಹಂಚತೊಡಗಿದರು. ಬ್ರಿಟಿಷ್ ಸೈನಿಕರು ಅದನ್ನು ತಿಂದರು. ಭಾರತೀಯರಲ್ಲಿ ಬಹುಮಂದಿ ಜಾತಿಧರ್ಮದ ಕಟ್ಟಿಗೆ ಹೆದರಿ ಬಹುಕಾಲ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದಿಂದ ಧರ್ಮಗುರುಗಳ ಅನುಮತಿ ಬಂದ ಮೇಲೂ ಅವರ ಮನಸ್ಸು ಒಪ್ಪಲು ಏಪ್ರಿಲ್ ಬರಬೇಕಾಯಿತು.

ಇದರಿಂದ ಒಂದು ವಿಚಿತ್ರ ಕಂಡುಬಂದಿತು. ಮೊದಮೊದಲು ಬಿಳಿಯ ಗೋದಿಹಿಟ್ಟಿನ ರೊಟ್ಟಿ ತಿಂದ ಬ್ರಿಟಿಷರಿಗೆ ಬೆರಿಬೆರಿ ತಗಲಿತು. ತೌಡು ಕೂಡಿದ ಹಿಟ್ಟನ್ನೂ ಬೇಳೆಯನ್ನೂ ಉಂಡ ಭಾರತೀಯರಿಗೆ ತಗಲಲಿಲ್ಲ. ಆದರೆ ತಾಜಾ ಮಾಂಸವಾಗಲಿ ತಪ್ಪಲುಪಲ್ಯವಾಗಲಿ ಇಲ್ಲದ ಭಾರತೀಯರಲ್ಲಿ ವಸಡು ಬಾತು ರಕ್ತ ಒಸರುವ ಸ್ಕರ್ವಿ ಹಬ್ಬಿತು. ಕುದುರೆಮಾಂಸ ತಿಂದವರು ಅದರಿಂದ ಪಾರಾದರು. ಒಂದೇ ಊರು, ಒಂದೇ ಮುತ್ತಿಗೆ, ಎರಡು ಊಟ, ಎರಡು ರೋಗ. ಅಲ್ಲಿದ್ದ ವೈದ್ಯಾಧಿಕಾರಿ ಪ್ಯಾಟ್ರಿಕ್ ಹೆಹಿರ್ ಇದನ್ನು ವರದಿ ಮಾಡಿದನು. ‘ವಿಟಮಿನ್’ ಎಂಬ ಹೆಸರು 1912ರಲ್ಲಷ್ಟೇ ಹುಟ್ಟಿದ್ದ ಕಾಲವದು. ಆಹಾರಶಾಸ್ತ್ರಕ್ಕೆ ಕೂತ್ ಒಂದು ದೊಡ್ಡ ಸಾಕ್ಷ್ಯವಾಯಿತು.

ಇದರ ಒಳಗುಟ್ಟು ಮುಂದೆ ವಿಕಿರಣಶೀಲ ಪರಮಾಣುವಿನಿಂದ ತಿಳಿಯಿತು. 1940ರಲ್ಲಿ ಕೇಮನ್ ಮತ್ತು ರೂಬನ್ ಕಂಡುಹಿಡಿದ ಕಾರ್ಬನ್-14, ಜಾತ್ರೆಯಲ್ಲಿ ಕೊರಳಿಗೆ ಗಂಟೆ ಕಟ್ಟಿದ ಎತ್ತಿನಂತೆ. ದೇಹದಲ್ಲಿ ಎಲ್ಲಿ ಹೋದರೂ ಗುರುತು ಸಿಗುತ್ತದೆ. ಈ ಗುರುತಿನ ಸಕ್ಕರೆಯನ್ನು 1950ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದಾಗ, ಇಲಿಯ ದೇಹ ಅದರಿಂದಲೇ ‘ಸಿ’ ವಿಟಮಿನ್ನನ್ನು ಮಾಡಿಕೊಳ್ಳುವುದು ಕಂಡಿತು. ಮನುಷ್ಯನಿಗೆ ಆ ಕೆಲಸದ ಕೊನೆಯ ಹಂತದ ಕಿಣ್ವವಿಲ್ಲ. ಕಂದಕದಲ್ಲಿ ಓಡಾಡಿದ ಇಲಿಗೆ ಇದ್ದ ಶಕ್ತಿ ಅಲ್ಲಿ ಕಾವಲಿದ್ದ ಸಿಪಾಯಿಗೆ ಇರಲಿಲ್ಲ.

147 ದಿನಗಳ ತರುವಾಯ, 1916ರ ಏಪ್ರಿಲ್ 29ರಂದು, ಕೂತ್ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು. ಮರಳುಗಾಡಿನ ನಡಿಗೆಯಲ್ಲಿಯೂ ರೈಲುದಾರಿಯ ದುಡಿತದಲ್ಲಿಯೂ ಸಾವಿರಾರು ಜನ ಅಳಿದರು. ಮೆಸೊಪೊಟೇಮಿಯಾದಲ್ಲಿ ಮಡಿದು ಸಮಾಧಿ ತಿಳಿಯದ 40,000ಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೆದ್ದಿತು. ಅದರಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೊರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ, ಸಿಪಾಯಿಗಳಿಗೆ ಪಲ್ಟನ್ನಿನ ಹೆಸರಿನ ಕೆಳಗೆ ಬರಿಯ ಅಂಕಿ. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು ಇಂಥ ಭೇದಭಾವಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಮುಂಬಯಿ ಇಲಾಖೆಯ ಅನೇಕ ಹಳ್ಳಿಗಳಲ್ಲಿ ನಿಲ್ಲಿಸಿದ ಫಲಕಗಳೂ ಇದೇ ಬಗೆಯವು: ಈ ಊರಿಂದ ಇಷ್ಟು ಜನ ಹೋದರು, ಇಷ್ಟು ಜನ ಮಡಿದರು. ಅವರು ಯಾರ ಮಕ್ಕಳು, ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು ಎಂಬುದನ್ನು ಅಂಕಿ ಹೇಳಲಾರದು.

ಅವರ ವಸಡಿನ ರಕ್ತವನ್ನು ಶಾಸ್ತ್ರ ಬರೆದಿಟ್ಟುಕೊಂಡಿತು. ಅವರ ಹೆಸರನ್ನು ಕಲ್ಲು ಬರೆದುಕೊಳ್ಳಲಿಲ್ಲ. ಈ ಕೊರತೆಯನ್ನು ತುಂಬುವ ಸಾಧನ ಶಿಕ್ಷಕರ ಕೈಯಲ್ಲಿದೆ. ಹಳೆಯ ಶಾಲಾ ದಾಖಲೆಗಳು, ಪೆನ್ಶನ್ ಕಾಗದಗಳು, ಟ್ರಂಕಿನ ತಳದಲ್ಲಿರುವ ಪದಕಗಳು, ಮೊಮ್ಮಕ್ಕಳ ಬಾಯಲ್ಲುಳಿದ ಮಾತು — ಇವುಗಳನ್ನು ಊರೂರಿನಲ್ಲಿ ವಿದ್ಯಾರ್ಥಿಗಳಿಂದ ಸಂಗ್ರಹಿಸಬಹುದು. ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ ಕೊರೆದಿರುತ್ತವೆ. ಅಲ್ಲಿಂದ ಆರಂಭಿಸಿದರೆ ಸಾಕು. ಗಡಿಭಾಗದ ನಾವು ಮರಾಠಿ, ಕನ್ನಡ ಎಂಬ ಎಣಿಕೆಯನ್ನು ಬದಿಗಿಟ್ಟು ಈ ಕೆಲಸಕ್ಕೆ ಕೈಹಚ್ಚೋಣ. ಒಂದು ಶಾಲೆ ಒಂದೇ ಹೆಸರನ್ನು ಮರಳಿ ತಂದರೂ ಒಂದು ಅಂಕಿ ಮನುಷ್ಯನಾದಂತೆಯೇ ಸರಿ.